ಸ್ಥಾನಾಂತರವೂ ಪುನಃಪ್ರತಿಷ್ಠೆಯೂ

ಒಂದು ವಸ್ತುವನ್ನು ಒಂದೆಡೆಯಿಂದ ತೆಗೆದು ಇನ್ನೊಂದೆಡೆಯಲ್ಲಿರಿಸುವುದು ಲೋಕವ್ಯವಹಾರದಲ್ಲಿ ಅತಿ ಸಾಮಾನ್ಯವಾದ ಕ್ರಿಯೆ. ಹಳೆಯ ಮನೆಯಿಂದ ಹೊಸ ಮನೆಗೆ ಪಾತ್ರೆ ಪದಾರ್ಥಗಳನ್ನು ಸಾಗಿಸುವ ಗೃಹಸ್ಥನು ಆ ಕ್ರಿಯೆಯ ಸ್ವರೂಪವೇನೆಂದು ಆಲೋಚಿಸುವುದಿಲ್ಲ. ಆಲೋಚಿಸಬೇಕಾದ ಅಗತ್ಯವೂ ಅವನಿಗಿಲ್ಲ. ಚೆಂಬು ಅಲ್ಲಿಯೂ ಚೆಂಬೇ, ಇಲ್ಲಿಯೂ ಚೆಂಬೇ. ಆದರೆ ಅದೇ ಗೃಹಸ್ಥನು ಅಂಗಳದ ತುಳಸಿಯನ್ನು ಒಯ್ಯಹೊರಟಾಗ ಕೈ ತಡೆಯುತ್ತದೆ. ಗಿಡವನ್ನು ಕಿತ್ತರೆ ಸಾಲದು. ಬೇರನ್ನು ಹಿಡಿದಿರುವ ಮಣ್ಣೂ ಬರಬೇಕು, ಹೊಸ ಮಣ್ಣು ಅದನ್ನು ಒಪ್ಪಿಕೊಳ್ಳಬೇಕು. ಇನ್ನು ದೇವರ ಪೀಠವನ್ನು ಕದಲಿಸುವುದಾದರೆ ಎತ್ತಿ ಇಡುವುದರಿಂದ ಏನೂ ಆಗದು. ಅಲ್ಲಿ ವಿಧಿಯುಂಟು, ಅಧಿಕಾರದ ವಿಚಾರವುಂಟು. ಆದುದರಿಂದ ‘ಸಾಗಿಸುವುದು’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆಬೇರೆ ಕ್ರಿಯೆಗಳು ಅಡಗಿವೆಯೆಂದಾಯಿತು.

ಈ ಭೇದವು ತರ್ಕಪಾಠಕ್ಕೆ ಮಾತ್ರ ಸೇರಿದ್ದೆಂದು ವಾಚಕರು ಭಾವಿಸಬಾರದು. ಈಗ ವಿದ್ಯಾವಂತರ ಮನೆಮನೆಯಲ್ಲಿಯೂ ಇದು ಪ್ರತ್ಯಕ್ಷವಾಗಿದೆ. 2015ರಲ್ಲಿ ಹೊರಬಂದ ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಅದನ್ನು ರಚಿಸಿದವರು ಕೊಡುತ್ತಿದ್ದ ಸಾಮಾನ್ಯ ಪೋಷಣೆಯು 2025ನೆಯ ಅಕ್ಟೋಬರ್ 14ಕ್ಕೆ ನಿಂತಿತು. ಹಳೆಯ ಕಂಪ್ಯೂಟರುಗಳಲ್ಲಿ ಬಹಳಷ್ಟು, ಅದರ ಮುಂದಿನ ವ್ಯವಸ್ಥೆಗೆ ಬೇಕಾದ ಅರ್ಹತೆಯಿಲ್ಲದೆ ಹಿಂದುಳಿದವು. ಹೀಗಾಗಿ ಹೊಸ ಯಂತ್ರವನ್ನು ತಂದು, ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಅದಕ್ಕೆ ಸೇರಿಸುವ ಕಾರ್ಯವು ಅನೇಕ ಗೃಹಸ್ಥರ ಪಾಲಿಗೆ ಬಂದಿದೆ. ಇದನ್ನು ಕುಶಲಕರ್ಮಿಯ ಕೆಲಸವೆಂದು ಹುಡುಗರಿಗೆ ಒಪ್ಪಿಸಿ ನಾವು ಸುಮ್ಮನಿರುತ್ತೇವೆ. ಆದರೆ ಇದರಲ್ಲಿ ಧರ್ಮವಿಚಾರವೂ ಇದೆಯೆಂಬುದೇ ಈ ಲೇಖನದ ಪ್ರತಿಜ್ಞೆ.

ಮೊದಲು ಪದಾರ್ಥಸ್ವರೂಪವನ್ನು ನೋಡೋಣ. ಡಿಸ್ಕಿನಲ್ಲಿರುವುದು ಎರಡು ಬಗೆ. ಒಂದು, ನಾವು ಬರೆದ ಪತ್ರ, ಲೆಕ್ಕ, ಲೇಖನ, ಭಾವಚಿತ್ರಗಳು. ಇವುಗಳಿಗೆ ಫೈಲುಗಳೆಂದು ಹೆಸರು. ಇನ್ನೊಂದು, ಇವುಗಳನ್ನು ಬರೆಯಲೂ ತೋರಿಸಲೂ ಸಾಧನವಾದ ಸಾಫ್ಟ್‌ವೇರ್. ಫೈಲು ಚೆಂಬಿನಂತೆ. ಅದನ್ನು ಪ್ರತಿಮಾಡಿ ಹೊಸ ಡಿಸ್ಕಿನಲ್ಲಿರಿಸಿದರೆ ಒಂದು ಅಂಕೆಯೂ ವ್ಯತ್ಯಾಸವಾಗದಂತೆ ಅಲ್ಲಿ ಇರುತ್ತದೆ. ವ್ಯತ್ಯಾಸವಾಗಿಲ್ಲವೆಂಬುದನ್ನು ಪರೀಕ್ಷಿಸಲು ಉಪಾಯವೂ ಉಂಟು: ಇಡೀ ಫೈಲಿನ ಮೇಲೆ ಒಂದು ಗಣಿತಕ್ರಿಯೆಯನ್ನು ನಡೆಸಿ ಒಂದು ಚಿಕ್ಕ ಮುದ್ರಾಂಕವನ್ನು ಪಡೆಯುತ್ತಾರೆ, ಹಳೆಯದರ ಮುದ್ರಾಂಕವೂ ಹೊಸದರ ಮುದ್ರಾಂಕವೂ ಒಂದೇ ಆದರೆ ಪ್ರತಿಯು ಶುದ್ಧ. ವೇದಪಾಠವನ್ನು ಪದ, ಕ್ರಮ, ಜಟಾ, ಘನ ಎಂದು ಹಿಂದುಮುಂದಾಗಿ ಹೆಣೆದು ಒಂದು ಸ್ವರವೂ ಜಾರದಂತೆ ಕಾಪಾಡಿದ ನಮ್ಮ ಹಿರಿಯರಿಗೆ ಈ ಉಪಾಯವು ಅಪರಿಚಿತವೆನಿಸುತ್ತಿರಲಿಲ್ಲ.

ಸಾಫ್ಟ್‌ವೇರ್ ಹಾಗಲ್ಲ. ಅದು ತುಳಸಿಯಂತೆ ಬೇರುಬಿಟ್ಟಿರುವುದು. ಅದನ್ನು ಯಂತ್ರದಲ್ಲಿ ನೆಲೆಗೊಳಿಸುವಾಗ ಅದರ ಒಂದು ಭಾಗ ತನ್ನದೇ ಫೋಲ್ಡರಿನಲ್ಲಿಯೂ, ಒಂದು ಭಾಗ ಎಲ್ಲಕ್ಕೂ ಸಾಧಾರಣವಾದ ವ್ಯವಸ್ಥೆಯ ಫೋಲ್ಡರಿನಲ್ಲಿಯೂ ನಿಲ್ಲುತ್ತದೆ; ಇದಲ್ಲದೆ ರಿಜಿಸ್ಟ್ರಿಯೆಂಬ ಕೇಂದ್ರ ದಫ್ತರದಲ್ಲಿ ತನ್ನ ಹೆಸರು, ಸ್ಥಾನ, ಅಧಿಕಾರಗಳನ್ನು ಬರೆಸಿಕೊಳ್ಳುತ್ತದೆ. ಆ ಫೋಲ್ಡರನ್ನಷ್ಟೇ ಹೊಸ ಡಿಸ್ಕಿಗೆ ಒಯ್ದರೆ ಹೆಚ್ಚಿನ ಸಾಫ್ಟ್‌ವೇರುಗಳು ನಡೆಯುವುದೇ ಇಲ್ಲ. ಫೋಲ್ಡರಿನೊಳಗಿನ ಒಂದು ಅಕ್ಷರವೂ ನಷ್ಟವಾಗಿಲ್ಲ; ನಷ್ಟವಾದದ್ದು ಸಂಬಂಧ. ಆದುದರಿಂದ ಅದನ್ನು ಮತ್ತೆ ಮೊದಲಿನಿಂದ ನೆಲೆಗೊಳಿಸಬೇಕು. ಇದಕ್ಕೆ ಇಂಗ್ಲಿಷಿನವರು ಬಳಸುವ ‘ಇನ್‌ಸ್ಟಾಲ್’ ಎಂಬ ಪದಕ್ಕೆ ಪೀಠದಲ್ಲಿ ಕೂರಿಸುವುದೆಂಬ ಅರ್ಥವೂ ಇದೆ. ನಮ್ಮ ‘ಪ್ರತಿಷ್ಠಾಪನೆ’ಯೆಂಬ ಪದವು ಅದಕ್ಕೆ ಸರಿಯಾಗಿ ಒಪ್ಪುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಜೀರ್ಣವಸ್ತ್ರದ ದೃಷ್ಟಾಂತವಿದೆಯಷ್ಟೆ. ಹಳೆಯ ಬಟ್ಟೆಯನ್ನು ಬಿಟ್ಟು ಹೊಸದನ್ನು ಉಡುವಂತೆ ಸಾಫ್ಟ್‌ವೇರೂ ಹಳೆಯ ಯಂತ್ರವನ್ನು ಬಿಟ್ಟು ಹೊಸದನ್ನು ಸೇರುತ್ತದೆ, ಯಂತ್ರವೇ ದೇಹ, ಸಾಫ್ಟ್‌ವೇರೇ ದೇಹಿ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಮಾತು ರಮ್ಯವಾಗಿದೆ, ಆದರೆ ದೃಷ್ಟಾಂತವು ಹೊಂದುವುದಿಲ್ಲ. ದೇಹಿಯು ದೇಹವನ್ನು ಅಪೇಕ್ಷಿಸದೆಯೇ ಸತ್ತಾಗಿರುವನೆಂಬುದು ಅಲ್ಲಿಯ ಸಿದ್ಧಾಂತ. ಸಾಫ್ಟ್‌ವೇರ್ ಆದರೋ ಆಶ್ರಯವಿಲ್ಲದೆ ಕ್ಷಣವೂ ನಡೆಯಲಾರದು. ಅದಲ್ಲದೆ ದೇಹಿಯು ಹಳೆಯದನ್ನು ಬಿಟ್ಟೇ ಹೊಸದಕ್ಕೆ ಹೋಗುವನು. ಪ್ರತಿಮಾಡಿದ ವಸ್ತುವು ಎರಡೂ ಕಡೆ ಇರುವುದು. ಒಂದೇ ಕಾಲದಲ್ಲಿ ಎರಡೆಡೆಯಲ್ಲಿರುವುದಕ್ಕೆ ‘ಇವನೇ ಆ ದೇವದತ್ತ’ ಎಂಬ ಪ್ರತ್ಯಭಿಜ್ಞೆಯು ಸಲ್ಲುವುದಿಲ್ಲ. ‘ಇದು ಅದರಂತೆಯೇ ಇದೆ’ ಎಂದಷ್ಟೇ ಹೇಳಬಹುದು. ದೊಡ್ಡ ದೃಷ್ಟಾಂತಗಳನ್ನು ಸಣ್ಣ ವಿಷಯಗಳಿಗೆ ಎಳೆದು ತರುವುದರಿಂದ ಎರಡಕ್ಕೂ ಹಾನಿ.

ಹಾಗಾದರೆ ಇಡೀ ಡಿಸ್ಕನ್ನೇ ಅಂಶ ಅಂಶವಾಗಿ ಪ್ರತಿಮಾಡಿದರೆ? ಅದಕ್ಕೂ ಸಾಧನಗಳುಂಟು, ಹಾಗೆ ಮಾಡಿದಾಗ ದಫ್ತರವೂ ಜತೆಯಲ್ಲಿಯೇ ಬರುವುದರಿಂದ ಸಾಫ್ಟ್‌ವೇರುಗಳು ಪ್ರಾಯಶಃ ನಡೆಯುತ್ತವೆ. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ನಮ್ಮ ಕಾಲದಲ್ಲಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದನ್ನು ಅನೇಕ ವಾಚಕರು ನೋಡಿರಬಹುದು. ಸಮಗ್ರವಾದ ಸ್ಥಾನಾಂತರಕ್ಕೆ ಅದೊಂದು ಸೊಗಸಾದ ಉದಾಹರಣೆ. ಆದರೆ ಕಲ್ಲು ಕಲ್ಲಿಗೆ ಕೂಡಿದೊಡನೆ ದೇವಾಲಯವಾಗುವುದಿಲ್ಲ. ಜೀರ್ಣೋದ್ಧಾರದ ವಿಧಿಯಲ್ಲಿ ಬಿಂಬದ ಕಲೆಯನ್ನು ಕುಂಭಕ್ಕೆ ಆಕರ್ಷಿಸಿ, ಬಾಲಾಲಯದಲ್ಲಿ ಪೂಜಿಸಿ, ಕೆಲಸ ಮುಗಿದ ಮೇಲೆ ಪುನಃಪ್ರತಿಷ್ಠೆ ಮಾಡಬೇಕೆಂದಿದೆ. ಯಂತ್ರದಲ್ಲಿಯೂ ಹಾಗೆಯೇ. ಡಿಸ್ಕನ್ನು ಇದ್ದಂತೆ ಪ್ರತಿಮಾಡಿ ಬೇರೆ ಜಾತಿಯ ಯಂತ್ರಕ್ಕೆ ಸೇರಿಸಿದರೆ, ಹಳೆಯ ಯಂತ್ರದ ಅಂಗಗಳಿಗೆ ಹೊಂದಿದ ವ್ಯವಸ್ಥೆಯು ಹೊಸ ಅಂಗಗಳನ್ನು ಗುರುತಿಸದೆ ತಡವರಿಸುವುದುಂಟು; ‘ಈ ಮನೆಯಲ್ಲಿ ನನಗೆ ಅಧಿಕಾರವಿದೆಯೆ?’ ಎಂದು ಸಾಫ್ಟ್‌ವೇರ್ ಮತ್ತೆ ಕೇಳುವುದುಂಟು.

ಅಧಿಕಾರವೆಂದ ಕೂಡಲೇ ಸ್ವತ್ವದ ವಿಚಾರ ಬಂದಿತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯ ದಾಯವಿಭಾಗದ ಆರಂಭದಲ್ಲಿ, ಸ್ವತ್ವವು ಶಾಸ್ತ್ರದಿಂದ ಮಾತ್ರ ತಿಳಿಯುವುದೋ ಲೋಕವ್ಯವಹಾರದಿಂದಲೇ ಸಿದ್ಧವೋ ಎಂದು ದೀರ್ಘವಾಗಿ ಚರ್ಚಿಸಿ, ಅದು ಲೌಕಿಕವೇ ಎಂದು ನಿರ್ಣಯಿಸಿದ್ದಾನೆ. ಶಾಸ್ತ್ರವನ್ನೇ ಅರಿಯದವರಲ್ಲಿಯೂ ಕ್ರಯವಿಕ್ರಯಗಳು ನಡೆಯುತ್ತವೆ ಎಂಬುದು ಅವನ ಯುಕ್ತಿಗಳಲ್ಲೊಂದು. ಈ ಯುಕ್ತಿಯನ್ನು ಹಿಡಿದು, ‘ಹಣ ಕೊಟ್ಟು ಕೊಂಡ ಸಾಫ್ಟ್‌ವೇರ್ ನನ್ನದು, ಎಷ್ಟು ಯಂತ್ರಗಳಲ್ಲಾದರೂ ಇಟ್ಟುಕೊಂಡೇನು’ ಎನ್ನುವವರುಂಟು. ಆದರೆ ಅವರು ಕೊಂಡದ್ದೇನು? ಹೆಚ್ಚಿನ ಸಂದರ್ಭಗಳಲ್ಲಿ ಕೊಂಡದ್ದು ವಸ್ತುವಲ್ಲ, ಲೈಸೆನ್ಸೆಂಬ ಭೋಗಾಧಿಕಾರ. ಯಂತ್ರದೊಡನೆಯೇ ಬಂದ ಕಾರ್ಯವ್ಯವಸ್ಥೆಯ ಅಧಿಕಾರವು ಸಾಮಾನ್ಯವಾಗಿ ಆ ಯಂತ್ರಕ್ಕೇ ಕಟ್ಟಿರುತ್ತದೆ; ಬೇರೆಯಾಗಿ ಕೊಂಡದ್ದನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಒಯ್ಯಲು ಅನೇಕ ವೇಳೆ ಅವಕಾಶವಿರುತ್ತದೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಶಾಸನವೂ ನ್ಯಾಯವಾಗಿ ಪ್ರತಿಯನ್ನು ಪಡೆದವನಿಗೆ, ನಾಶದಿಂದ ರಕ್ಷಣೆಗಾಗಿ, ಯಾವ ಉದ್ದೇಶಕ್ಕೆ ಪಡೆದನೋ ಆ ಉದ್ದೇಶದ ಮಿತಿಯೊಳಗೆ, ಇನ್ನೊಂದು ಪ್ರತಿಯನ್ನು ಇಟ್ಟುಕೊಳ್ಳಲು ಅನುಮತಿ ಕೊಟ್ಟಿದೆ. ಬಾಡಿಗೆಗೆ ಹಿಡಿದ ಹೊಲವನ್ನು ಉಳಬಹುದು, ಮಾರಲಾಗದು. ಇದರಲ್ಲಿ ಹೊಸ ಧರ್ಮವೇನೂ ಇಲ್ಲ. ಹೊಸದೆಂದರೆ ಇಷ್ಟೇ: ಇಲ್ಲಿ ಕದ್ದರೂ ಮೂಲವು ಕಡಮೆಯಾಗುವುದಿಲ್ಲ, ಆದುದರಿಂದ ಕಳ್ಳತನವೆಂಬ ಭಾವನೆಯೇ ಹುಟ್ಟುವುದಿಲ್ಲ. ಮನಸ್ಸಿಗೆ ಚುಚ್ಚದಿರುವ ಅಧರ್ಮವು ಚುಚ್ಚುವ ಅಧರ್ಮಕ್ಕಿಂತ ಬೇಗ ಬೆಳೆಯುತ್ತದೆ.

ಇನ್ನು ಫೈಲುಗಳ ಕಡೆಗೆ ಬರೋಣ. ಅವು ಚೆಂಬಿನಂತೆ ಎಂದೆನಷ್ಟೆ. ಅದೂ ಪೂರ್ಣವಾಗಿ ಸರಿಯಲ್ಲ. 1905ರ ಸುಮಾರಿಗೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿಯ ಕಟ್ಟನ್ನು ತಂದೊಪ್ಪಿಸಿದರು. ಗರಿಗಳ ಮೇಲಿದ್ದುದು ಗ್ರಂಥಲಿಪಿ. ಆ ಲಿಪಿಯನ್ನು ಓದಬಲ್ಲ ಶಾಮಶಾಸ್ತ್ರಿಗಳಂಥವರು ಅಲ್ಲಿ ಇದ್ದುದರಿಂದ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ತಿಳಿದು, 1909ರಲ್ಲಿ ಮುದ್ರಣವಾಗಿ ಲೋಕಕ್ಕೆ ದೊರೆಯಿತು. ಓದಬಲ್ಲವರಿಲ್ಲದಿದ್ದರೆ ಆ ಗರಿಗಳು ಬರಿಯ ಗರಿಗಳಾಗಿಯೇ ಉಳಿಯುತ್ತಿದ್ದವು. ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ಇಂಗ್ಲೆಂಡಿನದು. ಅಲ್ಲಿ 1086ರಲ್ಲಿ ರಾಜಾಜ್ಞೆಯಿಂದ ದೇಶದ ಭೂಮಿಕಾಣಿಗಳ ಲೆಕ್ಕವನ್ನು ಬರೆಸಿದ ‘ಡೂಮ್ಸ್‌ಡೇ ಬುಕ್’ ಎಂಬ ಗ್ರಂಥವಿದೆ. ಅದರ ಒಂಬೈನೂರನೆಯ ವರ್ಷದ ನೆನಪಿಗೆ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯವರು ಹೊಸ ಲೆಕ್ಕವೊಂದನ್ನು ಸಿದ್ಧಪಡಿಸಿ ಲೇಸರ್ ಡಿಸ್ಕುಗಳಲ್ಲಿ ತುಂಬಿದರು. ಇಪ್ಪತ್ತು ವರ್ಷ ತುಂಬುವುದರೊಳಗೆ ಆ ಡಿಸ್ಕುಗಳನ್ನು ಓದುವ ಯಂತ್ರಗಳು ದುರ್ಲಭವಾದವು. ಹಳೆಯ ಯಂತ್ರದ ನಡವಳಿಕೆಯನ್ನು ಹೊಸ ಯಂತ್ರದೊಳಗೆ ಅನುಕರಿಸುವ ಸಾಫ್ಟ್‌ವೇರನ್ನು ರಚಿಸಿ ವಿದ್ವಾಂಸರು ಅದನ್ನು ಉಳಿಸಿಕೊಳ್ಳಬೇಕಾಯಿತು. ಚರ್ಮದ ಹಾಳೆಯ ಮೇಲಿನ ಮೂಲಗ್ರಂಥವು ಮಾತ್ರ ಇಂದಿಗೂ ಓದಲು ದೊರೆಯುತ್ತದೆ. ಅಕ್ಷರವು ಉಳಿಯುವುದು ಬೇರೆ, ಅರ್ಥವು ಉಳಿಯುವುದು ಬೇರೆ ಎಂಬುದಕ್ಕೆ ಇವೆರಡೂ ಸಾಕ್ಷಿ.

ಕನ್ನಡಿಗರಿಗೆ ಈ ಸಂಕಟವು ಮನೆಯ ಬಾಗಿಲಲ್ಲಿಯೇ ಇದೆ. ಸರ್ವಭಾಷೆಗಳ ಅಕ್ಷರಗಳಿಗೂ ಒಂದೊಂದು ನಿಶ್ಚಿತ ಸಂಖ್ಯೆಯನ್ನು ಕೊಡುವ ಯೂನಿಕೋಡ್ ಎಂಬ ಸಂಕೇತವು 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತಾದರೂ, ನಮ್ಮವರು ಬಹುಕಾಲ ಬರಹ, ನುಡಿ ಮೊದಲಾದ ಸಾಫ್ಟ್‌ವೇರುಗಳ ಹಳೆಯ ಫಾಂಟುಗಳಲ್ಲಿ ಬರೆದರು. ಅವುಗಳಿಂದ ಕನ್ನಡಕ್ಕಾದ ಉಪಕಾರ ದೊಡ್ಡದು. ಆದರೆ ಆ ಫಾಂಟುಗಳಲ್ಲಿ ಕನ್ನಡದ ಅಕ್ಷರಖಂಡಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಫಾಂಟಿಲ್ಲದ ಯಂತ್ರಕ್ಕೆ ಆ ಫೈಲನ್ನು ಒಯ್ದರೆ ಕಣ್ಣಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಶಬ್ದಾರ್ಥಗಳ ಸಂಬಂಧವು ಸಂಕೇತದಿಂದ ಎಂದು ನೈಯಾಯಿಕರು ಹೇಳುವುದನ್ನು ಪಾಠಶಾಲೆಯಲ್ಲಿ ಓದಿದ್ದೆವು. ಸಂಕೇತವು ಕಳಚಿದಾಗ ಏನಾಗುವುದೆಂಬುದನ್ನು ಈ ಫೈಲುಗಳಲ್ಲಿ ಕಣ್ಣಾರೆ ನೋಡಬಹುದು.

ನನ್ನ ಸಹೋದ್ಯೋಗಿಗಳಾಗಿದ್ದ ಪಂಡಿತರೊಬ್ಬರು ಸ್ವರ್ಗಸ್ಥರಾದಾಗ ಅವರ ಹಳೆಯ ಕಂಪ್ಯೂಟರಿನಲ್ಲಿ ಎರಡು ಸಂಗ್ರಹಗಳಿದ್ದವು. ಒಂದು, ಈ ಸೀಮೆಯ ಒಕ್ಕಲುಮಕ್ಕಳ ಬಾಯಿಂದ ಹದಿನೈದು ವರ್ಷ ಕೇಳಿ ಬರೆದುಕೊಂಡ ಬೇಸಾಯದ ಮಾತುಗಳ ಪಟ್ಟಿ. ಇನ್ನೊಂದು, ಹಳೆಯ ಶಿಷ್ಯರು ಅವರಿಗೆ ಬರೆದಿದ್ದ ಪತ್ರಗಳು. ಮನೆಯ ಕಲಹ, ಸಾಲ, ಮದುವೆಯ ಸಂಕಟ ಇವುಗಳಲ್ಲಿ ಗುರುಗಳ ಸಲಹೆಯನ್ನು ಬೇಡಿದವು. ಅವರ ಮಗನು ಎಲ್ಲವನ್ನೂ ಹೊಸ ಯಂತ್ರಕ್ಕೆ ಸಾಗಿಸಲು ಹೊರಟು, ಹೇಗೆ ಮಾಡಲೆಂದು ನನ್ನನ್ನು ಕೇಳಿದನು. ಮಾತಿನ ಪಟ್ಟಿಗೆ ಹಳೆಯ ಫಾಂಟನ್ನು ಹೊಸ ಯಂತ್ರದಲ್ಲಿಟ್ಟು ಮೊದಲು ಓದುವಂತೆ ಮಾಡಿ, ಬಳಿಕ ಯೂನಿಕೋಡಿಗೆ ಪರಿವರ್ತಿಸಿದೆವು. ಪರಿವರ್ತನೆಯಲ್ಲಿ ಅಲ್ಲಲ್ಲಿ ಅರ್ಕಾವತ್ತು ಕದಲಿತ್ತು. ನಡುನಡುವೆ ಇದ್ದ ಇಂಗ್ಲಿಷ್ ಪದಗಳು ಕೆಟ್ಟಿದ್ದವು. ಹಳೆಯದನ್ನೂ ಹೊಸದನ್ನೂ ಎದುರೆದುರು ಇಟ್ಟುಕೊಂಡು ಒಂದು ತಿಂಗಳು ತಿದ್ದಿದೆವು. ಇದು ಶ್ರಮದ ಮಾತು, ಸಂದೇಹದ ಮಾತಲ್ಲ. ಸಂದೇಹ ಬಂದದ್ದು ಪತ್ರಗಳಲ್ಲಿ.

ಮಗನ ಪಕ್ಷವು ಸಮಂಜಸವಾಗಿಯೇ ಇತ್ತು. ‘ಹೊಸ ಡಿಸ್ಕಿನಲ್ಲಿ ಸ್ಥಳಕ್ಕೆ ಕೊರತೆಯೇ ಇಲ್ಲ. ಯಾವುದು ಬೇಕು, ಯಾವುದು ಬೇಡವೆಂದು ಈಗ ನಿರ್ಣಯಿಸುವುದೇಕೆ? ಎಲ್ಲವನ್ನೂ ಒಯ್ಯೋಣ, ಮುಂದೆ ಯಾರಿಗಾದರೂ ಉಪಯೋಗವಾದೀತು’ ಎಂದನು. 1956ರಲ್ಲಿ ಐ.ಬಿ.ಎಂ. ಸಂಸ್ಥೆಯು ರಚಿಸಿದ ಮೊದಲ ಡಿಸ್ಕ್ ಯಂತ್ರವು ಇಪ್ಪತ್ತನಾಲ್ಕು ಅಂಗುಲ ಅಗಲದ 50 ತಟ್ಟೆಗಳನ್ನು ಹೊತ್ತು, ಒಂದು ಟನ್ನಿಗೂ ಮಿಕ್ಕ ತೂಕವಿದ್ದು, ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು. ಇಂದು ಅಂಗೈಯಲ್ಲಿ ಹಿಡಿಯುವ ಒಂದು ಟೆರಾಬೈಟಿನ ಡಿಸ್ಕು ಒಂದು ಲಕ್ಷ ಕೋಟಿ ಬೈಟುಗಳನ್ನು ಹಿಡಿಯುತ್ತದೆ. ಸಾಮಾನ್ಯ ರೂಢಿಯಲ್ಲಿ ಯೂನಿಕೋಡಿನ ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟುಗಳು ಬೇಕಾದರೂ ಒಂದು ಕುಟುಂಬವು ತಲೆತಲಾಂತರ ಬರೆದರೂ ತುಂಬದು. ಸ್ಥಳವು ಹೀಗೆ ಅಪಾರವಾದಾಗ ತ್ಯಾಗದ ಪ್ರಸಕ್ತಿ ಎಲ್ಲಿ?

ಉತ್ತರ ಕೊಟ್ಟವರು ನಾನಲ್ಲ, ಆ ಹುಡುಗನ ತಾಯಿ. ‘ಬರೆದವರು ನಿನ್ನ ತಂದೆಯವರಿಗೆ ಬರೆದರು ಮಗು, ನಮಗಲ್ಲ’ ಎಂದರು. ಅಷ್ಟೇ ಮಾತು. ಆದರೆ ಯೋಚಿಸಿದಷ್ಟೂ ಅದರೊಳಗೆ ಶಾಸ್ತ್ರವಿದೆಯೆಂದು ನನಗೆ ತೋರಿತು. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಉಪನಿಧಿಯೆಂಬ ಒಂದು ಪ್ರಕರಣವುಂಟು. ಒಳಗೇನಿದೆಯೆಂದು ಹೇಳದೆ, ಕರಂಡಕದಲ್ಲಿ ಮುಚ್ಚಿ ಇನ್ನೊಬ್ಬನ ಕೈಯಲ್ಲಿಟ್ಟ ವಸ್ತುವು ಉಪನಿಧಿ. ಅದನ್ನು ಇಟ್ಟಂತೆಯೇ ಹಿಂದಿರುಗಿಸಬೇಕು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ಹೋದರೆ ಇಟ್ಟುಕೊಂಡವನಿಗೆ ದೋಷವಿಲ್ಲ. ಕೇಳಿದಾಗ ಕೊಡದೆ ಇದ್ದು ಆಮೇಲೆ ಹೋದರೆ ದೋಷವುಂಟು. ತನ್ನ ಇಚ್ಛೆಯಿಂದ ಅದನ್ನು ಉಪಯೋಗಿಸಿಕೊಂಡರೆ ದಂಡವೂ ಉಂಟು, ವೃದ್ಧಿಯೊಡನೆ ಹಿಂದೆ ಕೊಡುವ ಭಾರವೂ ಉಂಟು. ಡಿಸ್ಕನ್ನು ಅಂಗಡಿಯವನ ಕೈಗೆ ಕೊಟ್ಟು ಫೈಲುಗಳನ್ನು ಸಾಗಿಸಿಕೊಡೆಂದಾಗ ಅವನ ಕೈಯಲ್ಲಿರುವುದು ಉಪನಿಧಿಯೇ. ಡಿಸ್ಕು ತಾನಾಗಿ ಸವೆದು ಕೆಟ್ಟರೆ ಅದು ದೈವ. ತೆರೆದು ನೋಡಿದರೆ ಅದು ದ್ರೋಹ. ಶಿಷ್ಯನು ಗುರುವಿಗೆ ಬರೆದ ಪತ್ರವೂ ಹಾಗೆಯೇ ಮುಚ್ಚಿದ ಕರಂಡಕ. ಗುರುವಿನ ಮರಣದಿಂದ ಡಿಸ್ಕಿನ ಮೇಲಣ ಸ್ವತ್ವವು ಮಗನಿಗೆ ಬಂದಿತು. ಆ ವಿಶ್ವಾಸವು ಬರಲಿಲ್ಲ. ವಿಶ್ವಾಸವು ದಾಯಭಾಗಕ್ಕೆ ಒಳಪಡುವ ದ್ರವ್ಯವಲ್ಲ.

‘ಹಾಗಾದರೆ ಹಿಂದಿನ ಮಹನೀಯರ ಪತ್ರಗಳನ್ನು ಓದಿ ನಾವು ಪಡೆದ ಉಪಕಾರವೆಲ್ಲ ಅಧರ್ಮವೆ? ಪತ್ರಗಳನ್ನು ಸುಟ್ಟ ವಂಶಗಳಿಂದ ಚರಿತ್ರೆಗೆ ನಷ್ಟವಾಗಲಿಲ್ಲವೆ?’ ಎಂದು ಕೇಳಬಹುದು. ಕೇಳತಕ್ಕದ್ದೇ. ಆದರೆ ಎರಡಕ್ಕೂ ಭೇದವಿದೆ. ಬರೆದವರು ಗತಿಸಿ, ಅವರ ಮಾತಿನಿಂದ ಯಾವ ಜೀವಕ್ಕೂ ನೋವಾಗದ ಕಾಲ ಬಂದ ಮೇಲೆ ಪತ್ರವು ಚರಿತ್ರೆಯಾಗುತ್ತದೆ. ಬರೆದವರು ನಮ್ಮ ಬೀದಿಯಲ್ಲಿಯೇ ನಡೆದಾಡುತ್ತಿರುವಾಗ ಅದು ರಹಸ್ಯ. ಅದಲ್ಲದೆ ಬದುಕಿರುವವರನ್ನು ಕೇಳಬಹುದು. ಆ ಮನೆಯಲ್ಲಿ ಹಾಗೆಯೇ ನಡೆಯಿತು. ಪತ್ರ ಬರೆದವರ ಹೆಸರುಗಳನ್ನಷ್ಟೇ ನೋಡಿ, ತಿಳಿದವರಿಗೆಲ್ಲ ಹೇಳಿಕಳುಹಿಸಿದರು. ಕೆಲವರು ತಮ್ಮವನ್ನು ಕೊಂಡೊಯ್ದರು, ಕೆಲವರು ಅಳಿಸಿಬಿಡಿರೆಂದರು, ಒಬ್ಬರು ಮಾತ್ರ, ಗುರುಗಳು ಕೊಟ್ಟ ಉತ್ತರವು ಇನ್ನೊಬ್ಬರಿಗೂ ದಾರಿಯಾದೀತೆಂದು ಇಟ್ಟುಕೊಳ್ಳಲು ಒಪ್ಪಿದರು. ಗುರುತು ಹತ್ತದವರ ಪತ್ರಗಳನ್ನು ಬೀಗಮುದ್ರೆಯಿಂದ ಬೇರೆಯಾಗಿರಿಸಿದರು.

ಎಲ್ಲವನ್ನೂ ಒಯ್ಯಬೇಕೆಂಬ ಪಕ್ಷದಲ್ಲಿ ಒಂದು ಸತ್ಯಾಂಶವುಂಟು, ಅದನ್ನು ಬಿಡಬಾರದು. ಆತುರದಿಂದ ಆರಿಸಹೊರಟವನು ಅಮೂಲ್ಯವನ್ನೇ ಕಳೆದಾನು. ಕಳೆದದ್ದು ಮತ್ತೆ ಬಾರದು. ಆದುದರಿಂದ ಹಳೆಯ ಡಿಸ್ಕು ಇನ್ನೂ ಉಸಿರಾಡುತ್ತಿರುವಾಗಲೇ ಅದರ ಸಮಗ್ರ ಪ್ರತಿಯೊಂದನ್ನು ಮೊದಲು ಮಾಡಿ ನ್ಯಾಸವಾಗಿ ಇಡಬೇಕು. ಆದರೆ ನ್ಯಾಸವೇ ಸಂಸಾರವಲ್ಲ. ಹೊಸ ಯಂತ್ರದಲ್ಲಿ ಪ್ರತಿಷ್ಠೆ ಮಾಡತಕ್ಕದ್ದು ನಾವು ದಿನವೂ ಬಳಸುವುದನ್ನು, ಓದಬಲ್ಲುದನ್ನು, ನಮ್ಮದಾದುದನ್ನು ಮಾತ್ರ. ಆರಿಸದೆ ಕೂಡಿಟ್ಟ ರಾಶಿಯು ಮುಂದಿನವರಿಗೆ ಆಸ್ತಿಯಲ್ಲ. ನಾವು ಮಾಡಬೇಕಾಗಿದ್ದ ವಿವೇಚನೆಯ ಸಾಲ. ಅಪರಿಗ್ರಹವೆಂಬುದು ಕಾಡಿನ ತಪಸ್ವಿಗಳಿಗೆ ಮಾತ್ರ ಹೇಳಿದ್ದಲ್ಲ. ಸ್ಥಳಕ್ಕೆ ಬೆಲೆಯಿದ್ದಾಗ ಅದು ಅನಿವಾರ್ಯವಾಗಿತ್ತು, ಸ್ಥಳಕ್ಕೆ ಬೆಲೆಯಿಲ್ಲದಾಗಲೇ ಅದು ಧರ್ಮವಾಯಿತು.

ಕೊನೆಗೆ ಉಳಿಯುವುದು ಹಳೆಯ ಡಿಸ್ಕು. ಕೆಲಸವಾಯಿತೆಂದು ಅದನ್ನು ಗುಜರಿಯವನ ತಕ್ಕಡಿಗೆ ಹಾಕಿಬಿಡುವುದು ರೂಢಿ. ಇದು ತಕ್ಕುದಲ್ಲ. ಫೈಲನ್ನು ಅಳಿಸಿದೆವೆಂದು ನಾವು ತಿಳಿದಾಗ ತಿರುಗುವ ತಟ್ಟೆಯ ಡಿಸ್ಕಿನಲ್ಲಿ ಅಳಿಯುವುದು ಅನುಕ್ರಮಣಿಕೆಯಲ್ಲಿನ ಅದರ ಹೆಸರು ಮಾತ್ರ. ಅದರ ಮೇಲೆ ಬೇರೊಂದನ್ನು ಬರೆಯುವವರೆಗೆ ವಿಷಯವು ಅಲ್ಲಿಯೇ ಇರುತ್ತದೆ, ಬಲ್ಲವನು ಅದನ್ನು ಹೊರತೆಗೆಯಬಹುದು. ಆದುದರಿಂದ ಆಯಾ ಬಗೆಯ ಡಿಸ್ಕಿಗೆ ವಿಹಿತವಾದ ರೀತಿಯಲ್ಲಿ ಪೂರ್ತಿಯಾಗಿ ಅಳಿಸಿದ ಮೇಲೆಯೇ ಕೈಬಿಡಬೇಕು. ಬಳಿಕ ಅದು ಸೇರಬೇಕಾದುದು ಕಸದ ಕುಪ್ಪೆಯನ್ನಲ್ಲ. ಇಂಥ ತ್ಯಾಜ್ಯಗಳ ನಿರ್ವಹಣೆಗೆಂದೇ ಕೇಂದ್ರಸರ್ಕಾರವು 2022ರಲ್ಲಿ ನಿಯಮಗಳನ್ನು ಮಾಡಿ 2023ನೆಯ ಏಪ್ರಿಲ್ 1ರಿಂದ ಜಾರಿಗೆ ತಂದಿದೆ. ಅಧಿಕೃತವಾಗಿ ಅದನ್ನು ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು. ಜೀರ್ಣಬಿಂಬವನ್ನು ಕೂಡ ವಿಧಿಪೂರ್ವಕವಾಗಿ ಜಲದಲ್ಲಿ ವಿಸರ್ಜಿಸಬೇಕೆಂದಲ್ಲದೆ ಬೀದಿಯಲ್ಲಿ ಎಸೆಯಬೇಕೆಂದು ಯಾವ ಆಗಮವೂ ಹೇಳಲಿಲ್ಲ.

ಆದುದರಿಂದ ನಿಷ್ಕರ್ಷೆ ಇಷ್ಟು. ಸಾಗಿಸುವವನಿಗೆ ಮೂರು ಕರ್ತವ್ಯಗಳು: ತನ್ನದನ್ನು ಶುದ್ಧವಾಗಿ ಪ್ರತಿಮಾಡುವುದು, ಬೇರುಳ್ಳದ್ದನ್ನು ಅಧಿಕಾರವಿದ್ದ ಮಟ್ಟಿಗೆ ಪುನಃ ಪ್ರತಿಷ್ಠಿಸುವುದು, ಪರರದನ್ನು ತೆರೆಯದೆ ಹಿಂದಿರುಗಿಸುವುದು ಅಥವಾ ಗೌರವದಿಂದ ಅಳಿಸುವುದು. ಮೊದಲನೆಯದಕ್ಕೆ ಯಂತ್ರವು ಸಾಕು, ಎರಡನೆಯದಕ್ಕೆ ಕುಶಲಕರ್ಮಿಯು ಬೇಕು; ಮೂರನೆಯದನ್ನು ಮನೆಯವರೇ ಮಾಡಬೇಕು. ಮುಂದೊಂದು ದಿನ ನಮ್ಮ ಡಿಸ್ಕನ್ನೂ ಇನ್ನೊಬ್ಬರು ತೆರೆಯುವರು. ಅವರಿಂದ ನಾವು ಯಾವ ದಾಕ್ಷಿಣ್ಯವನ್ನು ಅಪೇಕ್ಷಿಸುವೆವೋ ಅದನ್ನು ಇಂದು ನಮ್ಮ ಕೈಗೆ ಬಂದವರ ವಿಷಯದಲ್ಲಿ ತೋರಿಸುವುದು ನ್ಯಾಯ.